ಪಾರ್ಕಿನ ಎಲೆಗೊಬ್ಬರದ ಜಾಲರಿ ತೆಗೆಸಬೇಕಂತೆ. ನಿಮ್ಮ ಬಡಾವಣೆಯಲ್ಲಿ ಏನು ಮಾಡ್ತಿದ್ದೀರಿ?

ಉಷಾ ಮೂರನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ ನಮ್ಮದು, 140 ಮನೆ. ಹೆಸರು ಬೇಡ, ಅಸೋಸಿಯೇಷನ್ ವಾಟ್ಸ್ಯಾಪ್ ಗುಂಪಲ್ಲಿ ಆಗಿರೋ ರಂಪವೇ ಸಾಕು. ಎಂಟು ತಿಂಗಳ ಹಿಂದೆ ನಾವು ಏಳೆಂಟು ಮನೆಯವರು ಸೇರಿ ಪಾರ್ಕಿನ ಮೂಲೆಯಲ್ಲಿ ಕಬ್ಬಿಣದ ಜಾಲರಿ ಹಾಕಿಸಿ ಒಣಗಿದ ಎಲೆ ತುಂಬೋಕೆ ಶುರು ಮಾಡಿದ್ವಿ. ಮಧ್ಯೆ ಮಧ್ಯೆ ಸಗಣಿ ನೀರು, ಹುಳಿ ಮಜ್ಜಿಗೆ, ಅಷ್ಟೇ. ಮೊದಲನೇ ಸಲದ ಗೊಬ್ಬರ ತೆಗೆದು ಪಾರ್ಕಿನ ಗಿಡಗಳಿಗೇ ಹಾಕಿದ್ದೂ ಆಯ್ತು. ಇದಕ್ಕೆ ಮುಂಚೆ ಅದೇ ಎಲೆ ಗುಡಿಸಿ ರಸ್ತೆ ಬದಿ ಬೆಂಕಿ ಹಾಕ್ತಿದ್ರು, ಆ ಹೊಗೆಗೆ ನಮ್ಮ ಅತ್ತೆಗೆ ಉಬ್ಬಸ. ಜತೆಗೆ ಭಾನುವಾರ ಬೆಳಿಗ್ಗೆ ಮನೆಮನೆಯ ಒಣಕಸ ಒಂದು ಕಡೆ ಸೇರಿಸಿ ವಾರ್ಡಿನ ಒಣ ತ್ಯಾಜ್ಯ ಕೇಂದ್ರಕ್ಕೆ ಕೊಡ್ತೀವಿ.

ಈಗ ಒಂದು ಗುಂಪು ಜಾಲರಿ ತೆಗೀರಿ ಅಂತ ಹಟ ಹಿಡಿದಿದೆ. ಹಾವು ಬರುತ್ತೆ, ವಾಸನೆ, ಪಾರ್ಕಿನ ಅಂದ ಕೆಡುತ್ತೆ, ಕಸದ ಶುಲ್ಕ ಕಟ್ಟಿದ ಮೇಲೆ ನಮಗ್ಯಾಕೆ ಈ ಉಸಾಬರಿ ಅಂತ. ಹಾಲಿನ ಕವರ್ ತೊಳೆದು ಒಣಗಿಸಿ ಕೊಡಿ ಅಂದಿದ್ದಕ್ಕೂ ಕೆಲವರಿಗೆ ಸಿಟ್ಟು. ಭಾನುವಾರ ಸಭೆ ಇದೆ. ಬೇರೆ ಬಡಾವಣೆಯವರು ಇದನ್ನ ಹೇಗೆ ನಿಭಾಯಿಸಿದ್ರಿ ಅಂತ ಹೇಳಿ, ಸಭೆಯಲ್ಲಿ ಮಾತಾಡೋಕೆ ನನಗೆ ಅನುಕೂಲ ಆಗುತ್ತೆ.

ತೆರಿಗೆದಾರ
"ನಮಗ್ಯಾಕೆ ಈ ಉಸಾಬರಿ". ಸರಿಯಾಗೇ ಕೇಳಿದ್ದಾರೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜತೆಗೇ ಕಸದ ಶುಲ್ಕ ಸೇರಿಸಿ ವಸೂಲಿ ಮಾಡ್ತಿದ್ದಾರೆ. ನನ್ನ ಮನೆ 1,800 ಚದರಡಿ. ತಿಂಗಳಿಗೆ 100, ವರ್ಷಕ್ಕೆ 1,200 ರೂಪಾಯಿ. 4,000 ಚದರಡಿ ದಾಟಿದವರಿಗೆ ತಿಂಗಳಿಗೆ 400. ಹೋಟೆಲಲ್ಲಿ ಊಟಕ್ಕೆ ದುಡ್ಡೂ ಕೊಟ್ಟು ಉಂಡೆಲೆನೂ ನಾನೇ ಎತ್ತಬೇಕಾ?

ಮಂಡೂರು ಕಡೆಯೋನು
"ಉಂಡೆಲೆನೂ ನಾನೇ ಎತ್ತಬೇಕಾ" ಅಂದ್ರಲ್ಲ ಸಾರ್, ನೀವು ಎತ್ತದೆ ಬಿಟ್ಟ ಎಲೆ ನಮ್ಮೂರಿಗೆ ಬಂದು ಬೀಳ್ತಿತ್ತು. 2012ರಲ್ಲಿ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸ ಸುರಿಯೋ ಜಾಗ ಮುಚ್ಚಿಸಿದ್ರು, ಹೊರೆಯೆಲ್ಲ ನಮ್ಮ ಮಂಡೂರಿನ ತಲೆ ಮೇಲೆ. ನಿಂತಿದ್ದು 2014ರ ಡಿಸೆಂಬರ್ 1ಕ್ಕೆ, ಅದೂ ಊರಿಗೆ ಊರೇ ರಸ್ತೆಗೆ ಅಡ್ಡ ಕೂತ ಮೇಲೆ. ನಮ್ಮ ಅಕ್ಕನ್ನ ನೋಡೋಕೆ ಬಂದ ಗಂಡಿನ ಕಡೆಯವರು ಮೂಗಿಗೆ ಕರ್ಚೀಫ್ ಹಿಡ್ಕೊಂಡೇ ಕಾಫಿ ಕುಡಿದು ಎದ್ದೋದ್ರು. 1,200 ಕಟ್ಟಿದ ಮಾತ್ರಕ್ಕೆ ಕಸ ಮಾಯ ಆಗಲ್ಲ, ಇನ್ಯಾರದೋ ಊರು ಸೇರುತ್ತೆ. ಈಗ ಮಿಟ್ಟಗಾನಹಳ್ಳಿ ಕಡೆಯವರ ಸರದಿ ನಡೀತಿದೆ.

ತೆರಿಗೆದಾರ
"ರಸ್ತೆಗೆ ಅಡ್ಡ ಕೂತ". ಅಂದ್ರೆ ಲಾರಿ ತಡೆದು ಇಡೀ ಬೆಂಗಳೂರನ್ನ ವಾರಗಟ್ಟಲೆ ನಾರಿಸಿದ್ದು ನೀವೇ ಅಂತ ಒಪ್ಕೊಂಡ ಹಾಗಾಯ್ತು.

ಮಂಡೂರು ಕಡೆಯೋನು
ನಾರಿಸಿದ್ದು ನಾವಾ? ಆ ಗುಡ್ಡದಲ್ಲಿ ನಮ್ಮನೇದು ಅಂತ ಒಂದು ಹಿಡಿ ಕಸ ಇರಲಿಲ್ಲ ಸ್ವಾಮಿ.

ಲೆಕ್ಕ ಪಕ್ಕಾ
ಭಾವನೆ ಒಂದು ಪಕ್ಕಕ್ಕಿಡಿ. "ಹಾಲಿನ ಕವರ್ ತೊಳೆದು ಒಣಗಿಸಿ" ಅನ್ನೋದನ್ನ ಯಾರೂ ಗಮನಿಸಿಲ್ಲ. ಕವರಿಗೆ ಕಾಲು ಲೀಟರ್ ನೀರು ಅಂತ ಇಟ್ಕೊಳ್ಳಿ. ಮನೆಗೆ ದಿನಕ್ಕೆ ಎರಡು ಕವರ್, 140 ಮನೆ. ದಿನಕ್ಕೆ 70 ಲೀಟರ್, ವರ್ಷಕ್ಕೆ 25,550 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದ್ರೆ ನಾಲ್ಕಕ್ಕೂ ಜಾಸ್ತಿ. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿದ್ದು ಅಷ್ಟು ಬೇಗ ಮರೆತುಹೋಯ್ತಾ? ಪರಿಸರದ ಹೆಸರಲ್ಲಿ ನೀರು ಚೆಲ್ಲೋದು ಯಾವ ಸೀಮೆ ಪರಿಸರ?

ಪದ್ಮಜ್ಜಿ
ಕಾಲು ಲೀಟರ್ ಯಾಕಪ್ಪ, ಕವರಿಗೆ ಅಭಿಷೇಕ ಮಾಡ್ತೀಯೇನು? ಹಾಲು ಪಾತ್ರೆಗೆ ಬಗ್ಗಿಸಿದ ಮೇಲೆ ಕವರಿಗೆ ಎರಡು ಚಮಚ ನೀರು ಹಾಕಿ, ಬಾಯಿ ಹಿಡಿದು ಕುಲುಕಿ, ಆ ನೀರನ್ನೂ ಪಾತ್ರೆಗೇ ಸುರೀತೀವಿ. ಕವರ್ ಸಿಂಕಿನ ಹಿಂದಿನ ಟೈಲ್ಸಿಗೆ ಅಂಟಿಸಿದ್ರೆ ಸಾಯಂಕಾಲದೊಳಗೆ ಒಣಗಿ ತಾನೇ ಬೀಳುತ್ತೆ. ನಲವತ್ತು ವರ್ಷದಿಂದ ಹೀಗೇ ಮಾಡ್ತಿದೀನಿ. ಆಗೆಲ್ಲ ಪರಿಸರ ಗಿರಿಸರ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನೂರು ಕವರ್ ಕಟ್ಟು ಮಾಡಿಟ್ರೆ ಗುಜರಿಯವನು ದುಡ್ಡು ಕೊಡ್ತಿದ್ದ, ಅಷ್ಟೇ ವಿಷಯ.

ಲೆಕ್ಕ ಪಕ್ಕಾ
"ಆ ನೀರನ್ನೂ ಪಾತ್ರೆಗೇ". ಅಜ್ಜಿ, ಅದು ಕವರ್ ತೊಳೆದದ್ದಲ್ಲ, ಹಾಲಿಗೆ ನೀರು ಬೆರೆಸಿದ್ದು. ಜಿಡ್ಡು ಎರಡು ಚಮಚ ತಣ್ಣೀರಿಗೆ ಹೋಗಲ್ಲ. ಟೈಲ್ಸಿಗೆ ಅಂಟಿಕೊಳ್ಳುತ್ತೆ ಅಂದ್ರೇನೇ ಅಂಟು ಉಳಿದಿದೆ ಅಂತ ಅರ್ಥ.

ಬೈಟು ಕಾಫಿ
ನೀರಿದ್ರೆ ಸಾಕು, ಪ್ಲಾಸ್ಟಿಕ್ ಹಾಳೆ ಟೈಲ್ಸಿಗೆ ಅಂಟುತ್ತೆ ಗುರು. ಇದಕ್ಕೆ ಜಿಡ್ಡೇ ಬೇಕಾಗಿಲ್ಲ. ಲೆಕ್ಕ ಪಕ್ಕಾ, ಭೌತಶಾಸ್ತ್ರ ಅರೆಬರೆ.

ಲೆಕ್ಕ ಪಕ್ಕಾ
ನನ್ನ ಭೌತಶಾಸ್ತ್ರದ ಚಿಂತೆ ಬಿಡಿ. ಇದು ಕಾನೂನಲ್ಲಿ ಎಲ್ಲಿದೆ ತೋರಿಸಿ. ಹೈಕೋರ್ಟ್ 2015ರ ಡಿಸೆಂಬರ್ 17ರ ಆದೇಶದಲ್ಲಿ ಎರಡು ಡಬ್ಬ ಒಂದು ಚೀಲ ಅಂತು. ಹಸಿಕಸ ಹಸಿರು ಡಬ್ಬಕ್ಕೆ, ಸ್ಯಾನಿಟರಿ ಕಸ ಕೆಂಪು ಡಬ್ಬಕ್ಕೆ, ಒಣಕಸ ಚೀಲಕ್ಕೆ. 2016ರ ಘನತ್ಯಾಜ್ಯ ನಿಯಮವೂ ಬೇರೆ ಮಾಡಿ ಕೊಡಿ ಅಂತು. ಚೀಲಕ್ಕೆ ಹಾಕೋ ಮುಂಚೆ ಹಾಲಿನ ಕವರ್ ತೊಳೀರಿ ಅಂತ ಯಾವ ನ್ಯಾಯಮೂರ್ತಿ ಬರೆದಿದ್ದಾರೆ?

ಬೈಟು ಕಾಫಿ
ಸ್ನಾನ ಮಾಡಿ ಅಂತಾನೂ ಯಾವ ನ್ಯಾಯಮೂರ್ತಿನೂ ಬರೆದಿಲ್ಲ.

ಮೈಸೂರ್ ಪಾಕ್
ಬೆಂಗಳೂರಿನವರ ಜಗಳ ನೋಡೋಕೆ ಚೆನ್ನಾಗಿದೆ. ನಮ್ಮ ಮೈಸೂರಿನ ಕುಂಬಾರಕೊಪ್ಪಲಿಗೆ ಒಂದ್ಸಲ ಬಂದು ನೋಡಿ. ಶೂನ್ಯ ತ್ಯಾಜ್ಯ ಘಟಕ, ಹಸಿಕಸ ಗೊಬ್ಬರ ಆಗುತ್ತೆ, ಒಣಕಸ ಬಗೆಬಗೆಯಾಗಿ ಬೇರೆ ಆಗಿ ಮಾರಾಟ ಆಗುತ್ತೆ. 2015, 2016, ಎರಡು ಸಲ ದೇಶದಲ್ಲೇ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಸುಮ್ನೆ ಬರಲಿಲ್ಲ. ನಮ್ಮ ಜನಕ್ಕೆ ಶಿಸ್ತಿದೆ.

ತೆರಿಗೆದಾರ
"ನಮ್ಮ ಜನಕ್ಕೆ ಶಿಸ್ತಿದೆ". ನಿಮ್ಮೂರ ವಿದ್ಯಾರಣ್ಯಪುರಂ ಸೂಯೆಜ್ ಫಾರಂ ಕಸದ ಗುಡ್ಡ ಯಾರ ಶಿಸ್ತು ಸಾರ್? ಗಾಳಿ ತಿರುಗಿದಾಗ ಕಿಟಕಿ ಮುಚ್ಕೊಳ್ಳೋ ನೆಂಟರು ನನಗೂ ಅಲ್ಲಿದ್ದಾರೆ.

ಮೈಸೂರ್ ಪಾಕ್
ಅದು ಹಳೇ ಕಸ. ಈಗ ಕರಗಿಸ್ತಿದ್ದಾರೆ. ನಾನು ಮಾತಾಡಿದ್ದು ಕುಂಬಾರಕೊಪ್ಪಲಿನ ಬಗ್ಗೆ.

ಮಂಡೂರು ಕಡೆಯೋನು
ಎಲ್ಲ ಊರಲ್ಲೂ "ಹಳೇ ಕಸ" ಅನ್ನೋದು ಒಂದಿರುತ್ತೆ. ಅದರ ಪಕ್ಕ ಮಾತ್ರ ಹೊಸ ಜನ ಇರ್ತಾರೆ.

ಕುಡ್ಲದವ
ಹಳೇ ಕಸ ಅಂತ ಸಸಾರ ಮಾಡ್ಬೇಡಿ ಮಾರಾಯ್ರೆ. ನಮ್ಮ ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಹಳೇ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರ ಅನ್ನೋ ಊರಿಗೆ ಇಳಿದದ್ದು. ಮನೆ, ಅಡಿಕೆ ತೋಟ, ಎಲ್ಲ ಕಸದ ಅಡಿಗೆ ಹೋದದ್ದು. ಹೊಳೆ ಬಂದರೆ ನೀರು ಇಳಿದು ಹೋಗ್ತದೆ, ಕಸ ಬಂದರೆ ಅಲ್ಲೇ ಕೂತುಬಿಡ್ತದೆ. ಹಾಗಂತ ಒಳ್ಳೇದು ಇಲ್ವೇ ಇಲ್ಲ ಅಂತಲ್ಲ, ಕುಂದಾಪುರದ ಹತ್ರ ವಂಡ್ಸೆ ಅಂತ ಪುಟ್ಟ ಪಂಚಾಯಿತಿ ಉಂಟು, ಅಲ್ಲಿ ಹೆಂಗಸರೇ ಮನೆಮನೆಗೆ ಹೋಗಿ ಕಸ ತಂದು ವಿಂಗಡಿಸಿ ಮಾದರಿ ಆದದ್ದು. ದೊಡ್ಡ ಯಂತ್ರ ಗಿಂತ್ರ ಏನಿಲ್ಲ.

ಲೆಕ್ಕ ಪಕ್ಕಾ
"ಪುಟ್ಟ ಪಂಚಾಯಿತಿ". ನೀವೇ ಹೇಳಿದ್ರಿ. ಪಂಚಾಯಿತಿಯಲ್ಲಿ ಆಗಿದ್ದನ್ನ ಒಂದು ಕೋಟಿ ದಾಟಿದ ಊರಿಗೆ ತರೋಕಾಗಲ್ಲ. ವಾಪಸ್ ಹಾಲಿನ ಕವರಿಗೆ ಬನ್ನಿ. ಮರುಬಳಕೆ ಕಾರ್ಖಾನೆಯಲ್ಲಿ ಕವರ್ ಚೂರು ಮಾಡಿ, ದೊಡ್ಡ ತೊಟ್ಟಿಯಲ್ಲಿ ತೊಳೆದು, ಕರಗಿಸಿ ಕಾಳು ಮಾಡ್ತಾರೆ. ಅಲ್ಲಿ ಹೇಗಿದ್ರೂ ತೊಳೀತಾರೆ. ಮನೇಲಿ ಒಂದ್ಸಲ, ಕಾರ್ಖಾನೇಲಿ ಒಂದ್ಸಲ ಯಾಕೆ? ಇದಕ್ಕೆ ಯಾರೂ ಉತ್ತರ ಕೊಡಲ್ಲ, ನೋಡ್ತಿರಿ.

ಒಣಕಸದ ಮಂಜುಳಾ
ನಾನು ಒಣ ತ್ಯಾಜ್ಯ ಕೇಂದ್ರದಲ್ಲಿ ವಿಂಗಡಣೆ ಕೆಲಸ ಮಾಡ್ತೀನಿ. ನಾನು ಹೇಳ್ತಿದೀನಿ, ನನ್ನ ಮಗಳು ಟೈಪ್ ಮಾಡ್ತಿದಾಳೆ. ಮುಂಚೆ ಬೀದಿಲಿ ಆಯ್ತಿದ್ದೆ, 2011ರಲ್ಲಿ ನಮ್ಮಂಥವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಕೊಡೋಕೆ ಶುರು ಮಾಡಿದಾಗ ನನಗೂ ಸಿಕ್ತು. ಕಾರ್ಖಾನೇಲಿ ತೊಳೀತಾರೆ, ಆ ಅಣ್ಣ ಹೇಳಿದ್ದು ನಿಜ. ಆದ್ರೆ ನಿಮ್ಮ ಮನೆಯಿಂದ ಕಾರ್ಖಾನೆಗೆ ಹೋಗೋಕೆ ದಿನಗಟ್ಟಲೆ ಆಗುತ್ತೆ. ಒಂದು ಲೋಡ್ ಆಗೋವರೆಗೆ ಮೂಟೆ ಕಟ್ಟಿ ಇಟ್ಟಿರ್ತೀವಿ. ಹಾಲು ಉಳಿದ ಕವರ್ ಮೂರನೇ ದಿನಕ್ಕೆ ಹುಳ. ಅದೇ ಚೀಲದಲ್ಲಿ ನೀವು ಹಾಕಿದ ಪೇಪರ್, ರಟ್ಟು ಎಲ್ಲ ನೆಂದು ಕೆಡುತ್ತೆ, ಆಮೇಲೆ ಅದನ್ನ ಯಾರೂ ತಗೊಳ್ಳಲ್ಲ. ಕವರಿಗೂ ಒಣಗಿದ್ದಕ್ಕೆ ಒಂದು ರೇಟು, ಹುಳಿ ವಾಸನೆದಕ್ಕೆ ಒಂದು ರೇಟು. ಸೋಪು ಬೇಡ, ಸ್ವಲ್ಪ ನೀರು ಹಾಕಿ ಕುಲುಕಿದ್ರೆ ಸಾಕು. ಅದಕ್ಕಿಂತ ದೊಡ್ಡ ಕಷ್ಟ ಚಿಪ್ಸ್ ಪ್ಯಾಕೆಟ್, ಒಳಗೆ ಬೆಳ್ಳಿ ಬಣ್ಣ ಇರೋದು, ಗುಜರಿಯವರು ಮುಟ್ಟಲ್ಲ. ಮತ್ತೆ ಪ್ಯಾಡ್, ಡೈಪರ್ ಒಣಕಸದ ಚೀಲಕ್ಕೆ ಹಾಕಬೇಡಿ. ಕೈ ಹಾಕೋರು ನಾವು. ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡಿ.

ಲೆಕ್ಕ ಪಕ್ಕಾ
"ಒಂದು ರೇಟು". ಅಲ್ಲಿಗೆ ಬಂತು ನೋಡಿ. ಅಂದ್ರೆ ನನ್ನ ಮನೆ ನೀರಲ್ಲಿ ತೊಳೆದು ಬೇರೆಯವರ ಲಾಭ ಜಾಸ್ತಿ ಮಾಡಬೇಕು.

ಬೈಟು ಕಾಫಿ
ಥೂ. ಆಯಮ್ಮ ಹುಳದ ಮಾತು, ಪ್ಯಾಡಿನ ಮಾತು, ಕೈ ಹಾಕೋ ಮಾತು ಹೇಳಿದ್ರು. ನಿಮಗೆ ಕಂಡಿದ್ದು "ರೇಟು" ಅನ್ನೋ ಎರಡಕ್ಷರ.

ಲೆಕ್ಕ ಪಕ್ಕಾ
ಥೂ ಅನ್ನೋದು ವಾದ ಅಲ್ಲ. ನಾನು ಅವರಿಗೆ ಒಂದು ಮಾತೂ ಅಗೌರವ ಆಡಿಲ್ಲ. ನೀವು ಅವರ ಹೆಸರು ಹೇಳ್ಕೊಂಡು ಗೆಲ್ಲೋಕೆ ನೋಡ್ತಿದ್ದೀರಿ.

ಕಸಬರಿಗೆ
ಎಲ್ಲರೂ "ನಾವು ತೊಳೀತೀವಿ", "ನಾವು ತೊಳೆಯಲ್ಲ" ಅಂತಿದ್ದೀರಲ್ಲ, ನಿಜ ಹೇಳಿ, ನಿಮ್ಮ ಮನೇಲಿ ಸಿಂಕ್ ಮುಂದೆ ನಿಲ್ಲೋದು ಯಾರು? ನಮ್ಮ ಅಪಾರ್ಟ್‌ಮೆಂಟಲ್ಲಿ "ಪರಿಸರಸ್ನೇಹಿ ಮನೆ" ಅಂತ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿಕೊಂಡಿರೋ ಮನೆಗಳಲ್ಲಿ ಕವರ್ ತೊಳೆಯೋದು, ಒಣಗಿಸೋದು, ಕೆಳಗೆ ತಂದು ಡಬ್ಬಕ್ಕೆ ಹಾಕೋದು, ಮೂರೂ ಮನೆಕೆಲಸದ ಹೆಂಗಸರು. ಸಂಬಳ ಒಂದು ರೂಪಾಯಿ ಏರಿಲ್ಲ. ಸ್ಟಿಕ್ಕರ್ ಮಾತ್ರ ಯಜಮಾನರದ್ದು.

ಪದ್ಮಜ್ಜಿ
"ಸಿಂಕ್ ಮುಂದೆ ನಿಲ್ಲೋದು ಯಾರು" ಅಂದ್ರೆ ನಾನೇ ಕಣಮ್ಮ. ಎಪ್ಪತ್ತೊಂದು ವರ್ಷ ನನಗೆ. ನಮ್ಮನೇಲಿ ಕೆಲಸದವರಿಲ್ಲ.

ಕಸಬರಿಗೆ
ನಿಮ್ಮನ್ನ ಅಂದಿದ್ದಲ್ಲ ಅಜ್ಜಿ.

ಪದ್ಮಜ್ಜಿ
ಎಲ್ಲರೂ ಅಂತ ಬರೆದಿದ್ಯಲ್ಲ. ಅದರೊಳಗೆ ನಾನು ಇಲ್ವಾ?

ತೆರಿಗೆದಾರ
"ಸಂಬಳ ಒಂದು ರೂಪಾಯಿ ಏರಿಲ್ಲ". ಅದಕ್ಕೇ ಹೇಳಿದ್ದು, ಇದು ಕೂಲಿ ಕೆಲಸ, ಕೂಲಿ ಕೊಟ್ಟು ಮಾಡಿಸಬೇಕು. ನಾನು ಕೂಲಿ ಕೊಟ್ಟಾಗಿದೆ, ತೆರಿಗೆ ರಸೀದಿ ಇದೆ. ಬಿಡದಿಯಲ್ಲಿ ಕಸದಿಂದ ಕರೆಂಟ್ ಮಾಡೋ ಘಟಕ ಇದೆ, ದಿನಕ್ಕೆ 600 ಟನ್ ಸುಡೋ ಸಾಮರ್ಥ್ಯ, 11.5 ಮೆಗಾವ್ಯಾಟ್. ಅಂಥದ್ದು ಇನ್ನೂ ನಾಲ್ಕು ಕಟ್ಟಲಿ. ಜಾಲರಿ, ಮಜ್ಜಿಗೆ, ಕವರ್, ಯಾವುದೂ ಬೇಡ.

ಲೆಕ್ಕ ಪಕ್ಕಾ
ಇದಕ್ಕೆ ನಾನೂ ಒಪ್ಪಲ್ಲ. ನಮ್ಮ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಕಸ. ಹುಳಿ ಸಾರು, ಕಲ್ಲಂಗಡಿ ಸಿಪ್ಪೆ ಉರಿಯಲ್ಲ. ಬೇರೆ ಮಾಡಿದ ಒಣಕಸ ಹೋದ್ರೆ ಮಾತ್ರ ಬಾಯ್ಲರ್ ಉರಿಯುತ್ತೆ. ಅಂದ್ರೆ ನೀವು ಅಲ್ಲೂ ಬೇರೆ ಮಾಡ್ಲೇಬೇಕು.

ತೆರಿಗೆದಾರ
ಈಗ ನೀವು ಯಾರ ಕಡೆ?

ಲೆಕ್ಕ ಪಕ್ಕಾ
ಲೆಕ್ಕದ ಕಡೆ.

ಉಷಾ ಮೂರನೇ ಕ್ರಾಸ್
ನಾನು ಕೇಳಿದ್ದು ಜಾಲರಿ ಬಗ್ಗೆ. ದಯವಿಟ್ಟು. ಇನ್ನು ನಾಲ್ಕೇ ದಿನ ಇದೆ ಸಭೆಗೆ. ಮಂಜುಳಾ ಅವರೇ, ಕೆಂಪು ಗುರುತಿನ ವಿಷಯ ಭಾನುವಾರ ಖಂಡಿತ ಹೇಳ್ತೀನಿ.

ಹೊಂಗೆ ನೆರಳು
ಉಷಾ ಅವರೇ, ನಮ್ಮ ಬೀದಿಯಲ್ಲೂ ಇದೇ ಗಲಾಟೆ ಆಗಿತ್ತು, ನಾವು ಮಾಡಿದ್ದು ಹೇಳ್ತೀನಿ. ಹಾವಿನ ಮಾತು ಅರ್ಧ ನಿಜ. ಹಾವು ಎಲೆಗೆ ಬರಲ್ಲ, ಇಲಿ ಹುಡುಕ್ಕೊಂಡು ಬರುತ್ತೆ. ಇಲಿ ಬರೋದು ಅನ್ನ, ಚಪಾತಿ ಚೂರಿಗೆ. ಯಾರೋ ಒಬ್ಬರು ಕತ್ತಲಲ್ಲಿ ಬಂದು ಅಡುಗೆಮನೆ ಕಸ ಜಾಲರಿಗೆ ಸುರಿದು ಹೋಗ್ತಾರೆ, ಅಲ್ಲಿಂದ ಶುರು. ಅದಕ್ಕೆ ನಾವು ಮೇಲೆ ಜಾಲರಿಯದೇ ಮುಚ್ಚಳ ಮಾಡಿಸಿ ಬೀಗ ಹಾಕಿದ್ವಿ. ವಾಸನೆ ಬಂತು ಅಂದ್ರೆ ನೀರು ಜಾಸ್ತಿ ಆಗಿದೆ ಅಂತ. ಎಲೆ ಹಿಂಡಿದ್ರೆ ನೀರು ತೊಟ್ಟಿಕ್ಕಬಾರದು, ಬಿಟ್ಟರೆ ಕೈ ತಣ್ಣಗಿರಬೇಕು, ಅಷ್ಟೇ ತೇವ ಸಾಕು. ಹದಿನೈದು ದಿನಕ್ಕೊಮ್ಮೆ ಕೆದಕಿ. ನಮ್ಮ ಹೊಂಗೆ ಎಲೆ ಬೇಗ ಕರಗಿತು, ಮಾವಿನ ಎಲೆ ದಪ್ಪ, ಆರು ತಿಂಗಳಾದ್ರೂ ನರ ನರ ಹಾಗೇ ಇತ್ತು. ಪುಡಿ ಮಾಡಿ ಹಾಕಿದ ಮೇಲೆ ದಾರಿಗೆ ಬಂತು. ಆಮೇಲೆ ಮಾರ್ಚ್‌ನಲ್ಲಿ ಒಣಗಿದ ಎಲೆ ಪಕ್ಕ ಯಾರೂ ಬೀಡಿ ಸೇದದ ಹಾಗೆ ನೋಡ್ಕೊಳ್ಳಿ, ಇದನ್ನ ಅನುಭವದಿಂದ ಹೇಳ್ತಿದೀನಿ.

ಸಭೆಯಲ್ಲಿ ಹೇಳೋಕೆ ಇನ್ನೊಂದು. ಬಯಲಲ್ಲಿ ಕಸ ಸುಟ್ಟರೆ 5,000, ದೊಡ್ಡ ಪ್ರಮಾಣದಲ್ಲಾದ್ರೆ 25,000 ದಂಡ ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ಆ ಕೇಸು ಹಾಕಿದ ಅಲ್ಮಿತ್ರಾ ಪಟೇಲ್ ನಮ್ಮ ಬೆಂಗಳೂರಿನವರೇ, 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು. ಜಾಲರಿ ತೆಗೆಸಿದ ಮೇಲೆ ಎಲೆ ಎಲ್ಲಿಗೆ ಹೋಗುತ್ತೆ ಅಂತ ಎದುರು ಗುಂಪನ್ನೇ ಕೇಳಿ.

ಲೆಕ್ಕ ಪಕ್ಕಾ
ಎಲ್ಲ ಸರಿ, ಮೊದಲನೇ ಪೋಸ್ಟಲ್ಲಿ "ಹುಳಿ ಮಜ್ಜಿಗೆ" ಅಂತ ಇದೆ. ಹುಳಿ ಮಜ್ಜಿಗೆ ಎಲೆಗೆ ಒಳ್ಳೇದು, ಹುಳಿ ಹಾಲು ಕವರಿಗೆ ಕೆಟ್ಟದ್ದು. ಹೇಗೆ?

ಬೈಟು ಕಾಫಿ
ಎಲೆ ಕೊಳೀಬೇಕು. ಕವರ್ ಕೊಳೀಬಾರದು. ಇಷ್ಟು ತಿಳಿಯೋಕೆ ಲೆಕ್ಕ ಬೇಕಾಗಿಲ್ಲ, ಬುದ್ಧಿ ಬೇಕು.

ಲೆಕ್ಕ ಪಕ್ಕಾ
ವೈಯಕ್ತಿಕ ಆಯ್ತು. ನಿಮಗೆ ಉತ್ತರ ಕೊಡಲ್ಲ ಇನ್ನು ಮೇಲೆ.

ಬೈಟು ಕಾಫಿ
ಇದುವರೆಗೂ ಕೊಟ್ಟಿಲ್ಲ.

ಕಸಬರಿಗೆ
ಹಾಲಿನ ಕವರ್ ವಿಷಯದಲ್ಲಿ ಅಸಲಿ ಮಾತು ತೊಳೆಯೋದಲ್ಲ, ಮೂಲೆ. ಎಲ್ಲರೂ ಕತ್ತರೀಲಿ ಮೂಲೆ ಪೂರ್ತಿ ಕತ್ತರಿಸಿ ಆ ತ್ರಿಕೋನದ ಚೂರನ್ನ ಸಿಂಕಿಗೆ ಬಿಡ್ತಾರೆ. ಅದು ಚರಂಡಿಗೆ, ರಾಜಕಾಲುವೆಗೆ, ಕೆರೆಗೆ. ಯಾರ ಕೈಗೂ ಸಿಗಲ್ಲ. ಅರ್ಧ ಮಾತ್ರ ಕತ್ತರಿಸಿ, ಚೂರು ಕವರಲ್ಲೇ ನೇತಾಡಲಿ.

ಪದ್ಮಜ್ಜಿ
ನೇತಾಡೋ ಚೂರು ಇದ್ರೆ ಹಾಲು ನೆಟ್ಟಗೆ ಬೀಳಲ್ಲ ಕಣಮ್ಮ. ಒಲೆ ಮೇಲೆಲ್ಲ ಚೆಲ್ಲುತ್ತೆ. ನಾನು ಪೂರ್ತಿ ಕತ್ತರಿಸಿ ಚೂರನ್ನ ಆ ಕವರ್ ಒಳಗೇ ಹಾಕ್ತೀನಿ.

ಕಸಬರಿಗೆ
ಒಳಗೆ ಹಾಕಿದ್ದು ಕುಲುಕಿ ಪಾತ್ರೆಗೆ ಸುರಿಯೋವಾಗ ಹಾಲಿಗೆ ಬೀಳಲ್ವಾ?

ಪದ್ಮಜ್ಜಿ
ಸುರಿದ ಮೇಲೆ ಹಾಕ್ತೀನಿ. ನನಗೆ ಹಾಲು ಕಾಯಿಸೋದು ಹೇಳಿಕೊಡ್ತೀಯಾ?

ಮೈಸೂರ್ ಪಾಕ್
ನಮ್ಮ ಕಡೆ ಈಗಲೂ ಪಾತ್ರೆ ತಗೊಂಡು ಹೋಗಿ ಹಾಲು ಕರೆಸ್ಕೊಂಡು ಬರೋ ಮನೆಗಳಿವೆ. ಕವರ್ರೇ ಇಲ್ಲ, ಜಗಳನೂ ಇಲ್ಲ.

ತೆರಿಗೆದಾರ
"ಪಾತ್ರೆ ತಗೊಂಡು ಹೋಗಿ". ಬೆಳಿಗ್ಗೆ ಐದೂವರೆಗೆ ಬೆಂಗಳೂರಲ್ಲಿ ಹಸು ಎಲ್ಲಿ ಹುಡುಕಲಿ? ಸಿಲ್ಕ್ ಬೋರ್ಡಲ್ಲಾ?

ಕುಡ್ಲದವ
ಸಿಲ್ಕ್ ಬೋರ್ಡಲ್ಲಿ ಹಸು ಉಂಟು, ಅದು ಪ್ಲಾಸ್ಟಿಕ್ ತಿಂದುಕೊಂಡು ನಿಂತಿರ್ತದೆ. ಅದರ ಹಾಲು ಕರೆದರೆ ಕವರ್ ಸಮೇತ ಬರ್ಬಹುದು.

ಲೆಕ್ಕ ಪಕ್ಕಾ
ನೀರಿನ ಲೆಕ್ಕಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಅನ್ನೋದನ್ನ ದಾಖಲಿಸ್ತೀನಿ. 25,550 ಲೀಟರ್.

ಹೊಂಗೆ ನೆರಳು
ಎರಡು ಚಮಚ ಅಂದ್ರೆ 30 ಮಿಲಿ. ನಿಮ್ಮದೇ ಸೂತ್ರಕ್ಕೆ ಹಾಕಿ. 140 ಮನೆ, ಎರಡು ಕವರ್, ದಿನಕ್ಕೆ 8.4 ಲೀಟರ್. ಇಡೀ ಬಡಾವಣೆಗೆ ಅರ್ಧ ಬಕೆಟ್. ಅದೂ ಕಾಫಿಗೆ ಹೋಗುತ್ತೆ. ಜಲಮಂಡಳಿ ದಂಡ ಹೇಳಿದ್ದು ಕಾರು ತೊಳೆಯೋಕೆ, ತೋಟಕ್ಕೆ, ಕಟ್ಟಡಕ್ಕೆ. ಕವರಿಗಲ್ಲ.

ಲೆಕ್ಕ ಪಕ್ಕಾ
"ತೋಟಕ್ಕೆ" ಅಂತ ನೀವೇ ಬರೆದಿದ್ದೀರಿ. ಹಾಗಾದ್ರೆ ಎಲೆಗೊಬ್ಬರದ ಜಾಲರಿಗೆ ಹಾಕೋ ನೀರು ಯಾವುದು? ಕಾವೇರಿನಾ, ಬೋರಾ?

ಉಷಾ ಮೂರನೇ ಕ್ರಾಸ್
ಅಕ್ಕಿ ತೊಳೆದ ನೀರು ಸಾರ್. ಎರಡು ಮನೆಯಿಂದ ಬಕೆಟಲ್ಲಿ ತಂದು ಹಾಕ್ತೀವಿ.

ಲೆಕ್ಕ ಪಕ್ಕಾ
ಅಕ್ಕಿ ತೊಳೆಯೋದು ಯಾವ ನೀರಲ್ಲಿ?

ಬೈಟು ಕಾಫಿ
ಅಯ್ಯೋ ಶಿವನೇ.

ಮಂಡೂರು ಕಡೆಯೋನು
ಬೆಳಿಗ್ಗೆಯಿಂದ ಓದ್ತಾ ಇದೀನಿ. ಒಂದು ಕಡೆ ಎರಡು ಚಮಚ ನೀರಿಗೆ ಇಷ್ಟು ಲೆಕ್ಕ. ನಮ್ಮೂರ ಬೋರ್‌ವೆಲ್‌ಗೆ ಇಳಿದ ಕಸದ ರಸಕ್ಕೆ ಒಬ್ಬರಾದ್ರೂ ಲೆಕ್ಕ ಹಾಕಿದ್ರಾ? ಲಾರಿ ನಿಂತು ಹನ್ನೊಂದು ವರ್ಷ ಆಯ್ತು, ನಮ್ಮನೇಲಿ ಇವತ್ತಿಗೂ ಕುಡಿಯೋಕೆ ಕ್ಯಾನ್ ನೀರು.

ತೆರಿಗೆದಾರ
"ಕ್ಯಾನ್ ನೀರು" ಇಡೀ ಬೆಂಗಳೂರೇ ಕುಡಿಯುತ್ತೆ. ಅದರಲ್ಲೇನು ವಿಶೇಷ.

ಕಸಬರಿಗೆ
ತೆರಿಗೆದಾರರೇ, 2025ರ ಅಕ್ಟೋಬರ್ 30ಕ್ಕೆ ಘನತ್ಯಾಜ್ಯ ನಿರ್ವಹಣಾ ಕಂಪನಿಯವರು ರಸ್ತೇಲಿ ಕಸ ಎಸೆದೋರ ಮನೆ ಮುಂದೇನೇ ವಾಪಸ್ ಕಸ ಸುರಿದು "ಕಸ ಸುರಿಯುವ ಹಬ್ಬ" ಮಾಡಿದ್ರಲ್ಲ, ಆಗ ನಿಮ್ಮ ರಸೀದಿ ತೋರಿಸಿದ್ರೆ ಬಿಡ್ತಿದ್ರಾ?

ತೆರಿಗೆದಾರ
ನಾನು ಎಸೆದಿಲ್ಲ, ನನ್ನ ಮನೆ ಮುಂದೆ ಯಾರೂ ಸುರಿದಿಲ್ಲ. ಆದ್ರೆ ಕಸ ಎತ್ತೋಕೆ ದುಡ್ಡು ತಗೊಂಡು ಕಸ ಸುರಿಯೋದನ್ನ ಹಬ್ಬ ಅನ್ನೋ ಊರು ಇದೊಂದೇ ಇರ್ಬೇಕು. ಮುಂಚೆ ಆಟೋ ಟೈಮಿಗೆ ಬರಲಿ. ನಮ್ಮ ಕಡೆ ಒಂದಿನ ಏಳಕ್ಕೆ, ಒಂದಿನ ಹನ್ನೊಂದಕ್ಕೆ. ಇಬ್ಬರೂ ಕೆಲಸಕ್ಕೆ ಹೋಗೋ ಮನೆಯವರು ಕಸ ಹಿಡ್ಕೊಂಡು ಗೇಟಲ್ಲಿ ನಿಂತಿರ್ತಾರಾ? ಮೂಲೆ ಸೈಟಲ್ಲಿ ಕಸ ಬೀಳೋದು ಜನ ಕೆಟ್ಟವರು ಅಂತಲ್ಲ, ಗಾಡಿ ಬರಲ್ಲ ಅಂತ.

ಹೊಂಗೆ ನೆರಳು
ಆಟೋ ಟೈಮಿನ ಮಾತು ಮಾತ್ರ ಒಪ್ಪತಕ್ಕದ್ದೇ.

ತೆರಿಗೆದಾರ
"ಮಾತ್ರ" ಯಾಕೆ?

ಒಣಕಸದ ಮಂಜುಳಾ
ಮೂಲೆ ಬಗ್ಗೆ ಕೇಳಿದ್ರಿ. ಚೂರು ಕವರಿಗೇ ಅಂಟಿಕೊಂಡಿದ್ರೆ ನಮಗೆ ಸುಲಭ. ಒಳಗೆ ಹಾಕಿದ್ರೂ ಪರವಾಗಿಲ್ಲ, ಅಜ್ಜಿ ಹಾಗೇ ಮಾಡ್ಲಿ. ಡೈಪರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಇವತ್ತೂ ಬಂದಿತ್ತು, ಪೇಪರ್ ಚೀಲದ ತಳದಲ್ಲಿ.

ಪದ್ಮಜ್ಜಿ
ನೋಡಿದ್ರಾ, ಅಜ್ಜಿ ಹಾಗೇ ಮಾಡ್ಲಿ ಅಂದಿದ್ದಾಳೆ.

ಕಸಬರಿಗೆ
"ಅಂಟಿಕೊಂಡಿದ್ರೆ ಸುಲಭ" ಅಂತ ಮೊದಲು ಹೇಳಿದ್ದಾರೆ. ಅದನ್ನೂ ಓದಿ ಅಜ್ಜಿ.

ಉಷಾ ಮೂರನೇ ಕ್ರಾಸ್
ಸಭೆ ಮುಗೀತು. ಹದಿನೇಳು ಜನ ಬಂದಿದ್ರು. ಹೊಂಗೆ ನೆರಳು ಅವರು ಹೇಳಿದ ಹಾಗೆ ಮುಚ್ಚಳ, ಬೀಗದ ಮಾತು ಎತ್ತಿದೆ. ಬೀಗದ ಕೈ ಯಾರ ಹತ್ರ ಇರಬೇಕು ಅನ್ನೋದರಲ್ಲೇ ಮುಕ್ಕಾಲು ಗಂಟೆ ಹೋಯ್ತು. ಜಾಲರಿ ಮಳೆಗಾಲ ಮುಗಿಯೋವರೆಗೆ ಇರಲಿ, ಆಮೇಲೆ ನೋಡೋಣ ಅಂತ ಆಗಿದೆ. ಎಲೆ ಸುಡೋದು ಬೇಡ ಅಂತ ಬರವಣಿಗೆಯಲ್ಲಿ ಹಾಕಿ ಅಂದೆ, "ಸುಡೋದು ನಾವಲ್ಲ, ಗುಡಿಸೋರು" ಅಂತ ಬಿಟ್ಟುಬಿಟ್ರು. ಕೆಂಪು ಗುರುತಿನ ಬಗ್ಗೆ ಹೇಳೋಕೆ ಹೋದಾಗ ಗಂಡಸರು ಕುರ್ಚಿ ಮಡಿಸೋಕೆ ಎದ್ರು. ಚೀಟಿ ಮಾಡಿ ಮನೆಮನೆಗೆ ಹಾಕ್ತೀನಿ.

ಲೆಕ್ಕ ಪಕ್ಕಾ
ಹದಿನೇಳು ಜನ ಅಂದ್ರೆ 140 ಮನೆಯಲ್ಲಿ ನೂರಕ್ಕೆ ಹನ್ನೆರಡು. ಕೋರಂ ಇತ್ತಾ?

ಮೈಸೂರ್ ಪಾಕ್
ಮಳೆಗಾಲದಲ್ಲಿ ಜಾಲರಿ ಮೇಲೆ ಟಾರ್ಪಾಲ್ ಹಾಕಿ. ಇಲ್ಲಿ ನಾವು ಹಾಗೇ ಮಾಡೋದು.

ತೆರಿಗೆದಾರ
ಟಾರ್ಪಾಲ್ ಯಾವುದರದ್ದು? ಪ್ಲಾಸ್ಟಿಕ್‌ದೇ ತಾನೆ?

ಹೊಸಬ 560
ನಮಸ್ಕಾರ, ಮೂರು ವಾರ ತಡವಾಗಿ ನೋಡಿದೆ. ಮೇಲಿನದ್ದೆಲ್ಲ ಓದೋಕೆ ಟೈಮ್ ಇಲ್ಲ. ಮನೇಲಿ ಒಂದು ದೊಡ್ಡ ಚೀಲ ಹಾಲಿನ ಕವರ್ ಸೇರಿದೆ. ಗುಜರಿಗೆ ಕೊಡೋದಾ, ಕಸದ ಆಟೋಗೆ ಹಾಕೋದಾ?

ಲೆಕ್ಕ ಪಕ್ಕಾ
ತೊಳೆದದ್ದಾ, ತೊಳೆಯದ್ದಾ?